ಮೂವತ್ತೆರಡನೆಯ ಕರೆ

ನಮ್ಮ ಕೆರ್ಕ್‌ವೇಲ್ ಊರಿನ ವಿಷಯದಲ್ಲಿ ದೇವರಿಗೆ ಏನಾದರೂ ಗೊಂದಲವಾಗಿದ್ದರೆ ಅದಕ್ಕೆ ಕಾರಣ ನಾನು. ಒಂಬತ್ತು ವರ್ಷ, ಭಾನುವಾರ ಭಾನುವಾರ ಎರಡು ಹೊತ್ತು, ಇನ್ನೂರ ಹತ್ತು ಜನ ತಲೆ ತಗ್ಗಿಸಿ 'ಕರ್ತನೇ, ನಮಗೊಬ್ಬ ಪಾದ್ರಿಯನ್ನು ಕಳಿಸು' ಎಂದು ಬೇಡುತ್ತಿದ್ದರು. ನಾಲ್ಕನೆಯ ಸಾಲಿನಲ್ಲಿ ಕಪ್ಪು ಟೋಪಿ ಹಾಕಿಕೊಂಡು ಕುಳಿತ ನಾನೊಬ್ಬಳು ಎಲ್ಲರ ಜೊತೆ ಆಮೆನ್ ಎಂದು, ಆಮೇಲೆ ಮನಸ್ಸಿನಲ್ಲೇ, 'ಅವಸರವೇನಿಲ್ಲ ಸ್ವಾಮಿ, ನಿಧಾನವಾಗಿ ಕಳಿಸಿದರೂ ನಡೆಯುತ್ತದೆ' ಎಂದು ಸೇರಿಸುತ್ತಿದ್ದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ಹಾಗೆ. ಕೋಣ ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ.

ವಿಷಯ ಇಷ್ಟೇ. ಪಾದ್ರಿ ಬಂದರೆ ನಾನು ಮನೆ ಬಿಡಬೇಕಿತ್ತು. ನನ್ನ ಗಂಡ ಮಾರಿನಸ್ ಚರ್ಚಿನ ಊಳಿಗದವನು. ಗಂಟೆ ಹೊಡೆಯುವುದು, ಒಲೆ ಹೊತ್ತಿಸುವುದು, ಸತ್ತವರಿಗೆ ಗುಂಡಿ ತೋಡುವುದು. ಎದೆನೋವಿನಿಂದ ಅವನು ಹೋದ. ಅದೇ ವಸಂತದಲ್ಲಿ ನಮ್ಮ ಹಳೆಯ ಪಾದ್ರಿಗಳು ದೇವರ ಚಿತ್ತವೆಂದು ಬೇರೆ ಊರಿಗೆ ಹೊರಟುಹೋದರು. ದೇವರ ಚಿತ್ತ ಇದುವರೆಗೆ ಯಾವ ಪಾದ್ರಿಯನ್ನೂ ಚಿಕ್ಕ ಮನೆಗೆ ಕರೆದದ್ದನ್ನು ನಾನು ಕಂಡಿಲ್ಲ, ಇರಲಿ ಬಿಡಿ. ಚರ್ಚು ಕೊಟ್ಟಿದ್ದ ನಮ್ಮ ಗುಡಿಸಲು ಹೊಸ ಊಳಿಗದವನ ಪಾಲಾಯಿತು. ಸಭೆಯ ಹಿರಿಯರು ನನ್ನನ್ನು ಕರೆದು, 'ಖಾಲಿ ಬಿದ್ದಿರುವ ಪಾದ್ರಿಮನೆಯಲ್ಲಿ ಇರಮ್ಮ, ಕೋಣೆಕೋಣೆಗೂ ಬೆಂಕಿ ಹಾಕಿ ಗೋಡೆಗೆ ತೇವ ಹಿಡಿಯದ ಹಾಗೆ ನೋಡಿಕೋ, ಆರು ತಿಂಗಳ ಮಾತು' ಎಂದರು. ಆರು ತಿಂಗಳು ಒಂಬತ್ತು ವರ್ಷವಾಯಿತು. ಎಂಟು ಕೋಣೆ, ಹಿತ್ತಲಲ್ಲಿ ಒಂದು ಪೇರು ಮರ, ಅಡುಗೆಮನೆಯಲ್ಲಿ ನಿಂತರೆ ಕಡಲನ್ನು ತಡೆಯುವ ಏರಿಯ ಆಚೆ ಹಡಗಿನ ಪಟಗಳು ಸರಿದು ಹೋಗುವುದು ಕಾಣುತ್ತದೆ. ಅಂಥ ಮನೆ ನನ್ನ ಜನ್ಮದಲ್ಲಿ ನನಗೆ ಸಿಗುವಂಥದ್ದಲ್ಲ. ಅದನ್ನು ನಾನು ಪ್ರೀತಿಸಿಬಿಟ್ಟೆ. ಮುಚ್ಚಿಡುವುದೇನಿದೆ?

ಬಿಟ್ಟರೆ ಹೋಗಬೇಕಾದದ್ದು ಎಲ್ಲಿಗೆ? ಮಾರಿನಸ್‌ನ ಅಣ್ಣ ಕ್ರೈನ್ ಭಾವನ ಮನೆಗೆ. ಭಾವ ದೇವರಂಥ ಮನುಷ್ಯ. ಆದರೆ ಆ ಮನೆ ಆಳುವವಳು ನನ್ನ ನಾದಿನಿ ತನ್ನೆಕೆ. ಮದುವೆಯಾಗದೆ ಅಣ್ಣನ ಮನೆಯಲ್ಲೇ ಉಳಿದವಳು. ಹೊಸ್ತಿಲನ್ನು ದಿನಕ್ಕೆರಡು ಸಲ ತೊಳೆದು, ಅದನ್ನು ದಾಟಿ ಬಂದವರನ್ನು ಕಳ್ಳರ ಹಾಗೆ ನೋಡುತ್ತಾಳೆ. ಕಾಫಿಯ ಜೊತೆ ಒಂದು ಬಿಸ್ಕತ್ತು ಕೊಟ್ಟು, ಎರಡನೆಯದನ್ನು ಯಾರೂ ನೆನೆಯದಿರಲಿ ಎಂದು ಡಬ್ಬಿಯ ಮುಚ್ಚಳವನ್ನು ಠಪ್ಪೆಂದು ಹಾಕುತ್ತಾಳೆ. ಅಲ್ಲಿಗೆ ಹೋಗುವ ಮಾತೆತ್ತಿದರೆ ನನಗೆ ಜ್ವರ ಬರುತ್ತಿತ್ತು.

ನಮ್ಮಲ್ಲಿ ಪಾದ್ರಿಯನ್ನು ಪಡೆಯುವ ರೀತಿ ಹೀಗೆ. ಎಲ್ಲೋ ಬೇರೆ ಊರಿನಲ್ಲಿರುವ ಒಬ್ಬರನ್ನು ಗಂಡಸರು ಕೂಡಿ ಆರಿಸಿ ಕರೆ ಕಳಿಸುತ್ತಾರೆ. ಆ ಪುಣ್ಯಾತ್ಮರಿಗೆ ಮೂರು ವಾರ ಗಡುವು. ಅವರು ಪ್ರಾರ್ಥಿಸುತ್ತಾರೆ, ಹೆಂಡತಿಯ ಜೊತೆ ಬಂದು ಊರು ಮನೆ ನೋಡುತ್ತಾರೆ, ದೇವರಿಂದ ಬೆಳಕಿಗಾಗಿ ಕಾಯುತ್ತಾರೆ. ಬೆಳಕು ಹುಡುಕುವವರಿಗೆ ಅದು ಎಲ್ಲೆಲ್ಲೋ ಕಾಣುತ್ತದೆ. ಒಬ್ಬರಿಗೆ ನಮ್ಮೂರ ದಾರಿಯಲ್ಲಿ ಮೊಲವೊಂದು ಎದುರಿಗೆ ಬಂದು ಹಿಂದಕ್ಕೆ ಓಡಿತಂತೆ. ತಾವೂ ಹಿಂದಕ್ಕೆ ಹೋದರು. ಕೊನೆಗೆ ಒಂದು ಕಾಗದ ಬರುತ್ತದೆ. ಅದನ್ನು ಭಾನುವಾರ ಸಭೆಯ ಮುಂದೆ ಓದುತ್ತಾರೆ. 'ಬರಲು ನನಗೆ ಒಳಗಿನಿಂದ ಧೈರ್ಯ ದೊರೆಯಲಿಲ್ಲ' ಎಂದು ಅದರಲ್ಲಿರುತ್ತದೆ. ಅಂಥ ಕಾಗದ ಮೂವತ್ತೊಂದು ಬಂದಿದ್ದವು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ನಮ್ಮ ಊರಿಗೇ ಹೇಳಿ ಮಾಡಿಸಿದ ಮಾತು.

ಇದರಲ್ಲಿ ನನ್ನ ಕೈವಾಡವೂ ಸ್ವಲ್ಪ ಇತ್ತು. ಸುಳ್ಳು ಮಾತ್ರ ಎಂದೂ ಹೇಳಿಲ್ಲ. ಬಂದ ಪಾದ್ರಿಯ ಹೆಂಡತಿಗೆ ಕಾಫಿ ಕೊಟ್ಟು, ಉಪಚಾರ ಮಾಡಿ, ಹೊರಡುವ ಹೊತ್ತಿಗೆ, 'ನೆಲಮಾಳಿಗೆ ನೋಡ್ತೀರಾ ಅಮ್ಮಾ?' ಎಂದು ಕೇಳುತ್ತಿದ್ದೆ. ಐವತ್ತಮೂರರಲ್ಲಿ ಕಡಲು ಏರಿ ಒಡೆದು ನುಗ್ಗಿದ ಪ್ರವಾಹದಿಂದ ಈಚೆಗೆ ಅಲ್ಲಿ ಪಾದ ಮುಳುಗುವಷ್ಟು ನೀರು. ಹಲಗೆಯ ಮೇಲೆ ಆಲೂಗಡ್ಡೆ, ಹಲಗೆಯ ಕೆಳಗೆ ಕಪ್ಪೆ. ನಾನು ಏನೂ ಮಾತಾಡದೆ ದೀಪ ಎತ್ತಿ ಹಿಡಿಯುತ್ತಿದ್ದೆ. ಆಕೆ ಮೇಲೆ ಬಂದು ಗಂಡನನ್ನು ಒಂದು ಸಲ ನೋಡುತ್ತಿದ್ದಳು. ಆ ನೋಟ ಬಿದ್ದ ಮೇಲೆ ಯಾವ ಗಂಡಸಿಗೆ ಧೈರ್ಯ ಬಂದೀತು, ನೀವೇ ಹೇಳಿ.

ಪಾದ್ರಿ ಇಲ್ಲದ ಸಭೆಯಲ್ಲಿ ಹಿರಿಯರೊಬ್ಬರು ಪ್ರಸಂಗಪೀಠದ ಕೆಳಗಿನ ಮೇಜಿನ ಬಳಿ ನಿಂತು, ಎಂದೋ ಸತ್ತುಹೋದ ಪಾದ್ರಿಗಳ ಅಚ್ಚಾದ ಪ್ರಸಂಗಗಳನ್ನು ಓದುತ್ತಾರೆ. ನಮ್ಮಲ್ಲಿ ಆ ಕೆಲಸ ಕ್ರೈನ್ ಭಾವನದು. ಎಪ್ಪತ್ತಾರು ವರ್ಷ, ಆದರೂ ಕಂಚಿನಂಥ ಕಂಠ. ಅವರ ಪ್ರಾರ್ಥನೆ ಮುಗಿಯುವಷ್ಟರಲ್ಲಿ ಬಾಯಲ್ಲಿ ಮೂರು ಪೆಪ್ಪರ್‌ಮಿಂಟು ಕರಗಿರುತ್ತಿದ್ದವು. ಅವರ ನಂಬಿಕೆಯಂತೂ ಏರಿಯ ಕಲ್ಲು. ಬೀದಿಯಲ್ಲಿ ಯಾರಾದರೂ ಕೀಟಲೆ ಮಾಡುತ್ತಿದ್ದರು:

"ಏನು ಕ್ರೈನಜ್ಜಾ, ಮೂವತ್ತೊಂದು ಜನ ಒಲ್ಲೆ ಅಂದ್ರಲ್ಲ? ದೇವರಿಗೆ ಕಿವಿ ಮಂದ ಆಯ್ತೇನೋ!"

"ನಿನಗೆ ಎಣಿಸೋಕೆ ಬರುತ್ತೆ ಕಣೋ, ಕಾಯೋಕೆ ಬರಲ್ಲ. ಕೇಳಿದ್ದೀವಿ, ಕೊಟ್ಟಾಗಿದೆ. ದಾರೀಲಿದೆ ಅಷ್ಟೆ."

ಹೋದ ವರ್ಷ ಮಾರ್ಚಿನಲ್ಲಿ ಬಿತ್ತನೆಗೆ ಮುಂಚಿನ ಪ್ರಾರ್ಥನೆಯ ದಿನ ಬಂತು. ಆ ಬುಧವಾರ ಊರಿಗೆ ಊರೇ ಕೆಲಸ ಬಿಟ್ಟು ಚರ್ಚಿನಲ್ಲಿ ಸೇರಿ, ಬೆಳೆಗಾಗಿ ಬೇಡಿಕೊಳ್ಳುತ್ತದೆ. ಭಾವ ಮೇಜಿನ ಬಳಿ ನಿಂತು ಪುಸ್ತಕ ತೆರೆದು ಗಂಭೀರವಾಗಿ ಶುರುಮಾಡಿದರು. ಕಣಜ ತುಂಬಿಸಿದ್ದಕ್ಕೆ ಸ್ತೋತ್ರ, ಕೊನೆಯ ಬಂಡಿ ಮನೆ ಸೇರಿದ್ದಕ್ಕೆ ಸ್ತೋತ್ರ! ಅದು ನವೆಂಬರಿನಲ್ಲಿ ಓದುವ ಸುಗ್ಗಿಯ ಪ್ರಸಂಗ. ಹೊರಗೆ ನೆಲಕ್ಕೆ ಒಂದು ಕಾಳು ಬಿದ್ದಿರಲಿಲ್ಲ. ನಮ್ಮವರು ಎಂಥವರು ನೋಡಿ, ಒಬ್ಬರೂ ತಪ್ಪಾಯಿತು ಎನ್ನಲಿಲ್ಲ. ಮುಗಿದ ಮೇಲೆ ಬಾಗಿಲಲ್ಲಿ ನಿಂತು, ಎರಡನೆಯ ಹಿರಿಯ ವಿಲ್ಲೆಬೋರ್ದ್ ಕಣ್ಣೊರೆಸಿಕೊಂಡು ಹೇಳಿದ: "ಬಿತ್ತೋ ಮೊದಲೇ ಕೊಯ್ದದ್ದಕ್ಕೆ ಸ್ತೋತ್ರ! ನಂಬಿಕೆ ಅಂದ್ರೆ ಅದಪ್ಪಾ!"

ನಾನು ಮಾತ್ರ ಬೇರೆ ಒಂದನ್ನು ಕಂಡಿದ್ದೆ. ಇಡೀ ಪ್ರಸಂಗದಲ್ಲಿ ಭಾವ ಒಂದು ಹಾಳೆಯನ್ನೂ ತಿರುವಿರಲಿಲ್ಲ.

ಮರುದಿನ ತನ್ನೆಕೆ ಮೀನಿನ ಗಾಡಿಯ ಬಳಿ ಚೌಕಾಸಿ ಮಾಡುವ ಹೊತ್ತು ನೋಡಿಕೊಂಡು ಹೋದೆ. ಭಾವ ಗೋಡೆಗೊರಗಿ ಬಿಸಿಲಿಗೆ ಕುಳಿತಿದ್ದರು.

"ಭಾವ, ನಿಮ್ಮ ಕಣ್ಣಿಗೇನಾಗಿದೆ?"

"ಏನಾಗಿದೆ? ಮುಖದ ಮೇಲೇ ಇವೆಯಲ್ಲ."

"ನಾನು ಎಷ್ಟು ಬೆರಳು ತೋರಿಸ್ತಿದ್ದೀನಿ, ಹೇಳಿ ನೋಡೋಣ."

"ನೀನು ನೆಟ್ಟಗೆ ಬೆರಳು ತೋರಿಸೋಳಲ್ಲ. ಮುಷ್ಟಿ ಹಿಡ್ಕೊಂಡು ಕೇಳ್ತಿರ್ತೀಯ."

ನಿಜಕ್ಕೂ ಮುಷ್ಟಿಯನ್ನೇ ಹಿಡಿದಿದ್ದೆ. ಅವರಿಗೆ ಕಂಡದ್ದು ನನ್ನ ಕೈಯಲ್ಲ, ನನ್ನ ಬುದ್ಧಿ. ಇಬ್ಬರೂ ನಕ್ಕೆವು. ನಕ್ಕು ಮುಗಿದ ಮೇಲೆ ಅವರು ಮೆಲ್ಲಗೆ ಹೇಳಿದರು: "ಸುಗ್ಗಿಯಿಂದ ಈಚೆಗೆ ಬರೀ ಬೆಳಕು, ನೆರಳು. ಮೊದಲಿನಿಂದ ಓದಿ ಓದಿ ಹದಿನಾಲ್ಕು ಪ್ರಸಂಗ ಬಾಯಿಗೆ ಬಂದಿವೆ. ಅವನ್ನೇ ತಿರುಗಿಸಿ ಮುರುಗಿಸಿ ಹೇಳ್ತಿದ್ದೀನಿ. ನಿನ್ನೆ ನಾಲಿಗೆ ತಪ್ಪಿ ಸುಗ್ಗಿಯದಕ್ಕೆ ಹೋಯ್ತು. ಶುರು ಮಾಡಿದ್ಮೇಲೆ ಹಿಂದಕ್ಕೆ ಬರೋಕಾಗುತ್ತಾ?"

"ತನ್ನೆಕೆಗೆ ಗೊತ್ತಾ?"

"ಅವಳಿಗೆ ಗೊತ್ತಾದ್ರೆ ಊರಿಗೆ ಗೊತ್ತಾದ ಹಾಗೆ. ಇಲ್ಲಿ ಓದೋ ಗಂಟಲು ಇನ್ನೊಂದಿಲ್ಲ, ಯಾಕೋಮಿನ. ವಿಲ್ಲೆಬೋರ್ದ್ ನಾಲ್ಕು ಜನರ ಮುಂದೆ ನಿಂತ್ರೆ ತೊದಲ್ತಾನೆ. ನನ್ನದು ನಿಂತ ದಿನ ಚರ್ಚಿಗೆ ಬೀಗ ಹಾಕಿ ಪಕ್ಕದೂರಿಗೆ ಸೇರಿಸಿಬಿಡ್ತಾರೆ. ಅದಕ್ಕೇ ಒಂದೇ ಒಂದು ಕೇಳಿಕೊಂಡಿದ್ದೀನಿ. ಅಯ್ಯನವರು ಬರೋ ತನಕ ನನ್ನ ನೆನಪು ಕೈಕೊಡದಿರಲಿ ಅಂತ." ಅವರು ಗಾಳಿಯಲ್ಲಿ ತಡಕಾಡಿ ನನ್ನ ಕೈ ಹಿಡಿದುಕೊಂಡರು. "ನೀನೂ ಬೇಡ್ಕೊಳ್ತಿದ್ದೀಯಲ್ಲ? ನನಗೆ ಕೇಳ್ಸುತ್ತೆ. ಎಲ್ಲರಿಗಿಂತ ಗಟ್ಟಿ ಆಮೆನ್ ನಿಂದೇ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಮನೆಗೆ ಬರುವಾಗ ಏರಿಯ ಮೇಲೆ ಅತ್ತೆ. ಎದುರು ಸಿಕ್ಕವರಿಗೆ ಗಾಳಿಯ ಮೇಲೆ ತಪ್ಪು ಹೊರಿಸಿದೆ. ಅಡುಗೆಮನೆಗೆ ಬಂದು ಮೊಣಕಾಲೂರಿ, 'ಸರಿ. ಬರಲಿ' ಎಂದೆ. ಅಷ್ಟೇ ನನ್ನ ಪ್ರಾರ್ಥನೆ. ಸಂತೋಷದಿಂದ ಹೇಳಿದೆ ಎಂದರೆ ಅದು ಸುಳ್ಳಾಗುತ್ತದೆ.

ಮೂವತ್ತೆರಡನೆಯ ಕರೆ ಹೋದದ್ದು ಫೆರ್‌ಹೂಕ್ ಎಂಬ ಪಾದ್ರಿಗಳಿಗೆ. ಒಳನಾಡಿನ ಮರಳುಸೀಮೆಯವರು, ಆರು ಮಕ್ಕಳ ತಂದೆ. ಏಪ್ರಿಲಿನಲ್ಲಿ ಗಂಡಹೆಂಡತಿ ಮನೆ ನೋಡಲು ಬರುತ್ತಾರೆಂದು ತಿಳಿಯಿತು. ಈ ಸಲ ನಾನು ಒಂದು ಮನಸ್ಸು ಮಾಡಿಕೊಂಡೆ. ಎಂಟೂ ಕೋಣೆಗೆ ಬೆಂಕಿ ಹಾಕಿದೆ. ಹಿತ್ತಾಳೆಯನ್ನೆಲ್ಲ ಮುಖ ಕಾಣುವ ಹಾಗೆ ಉಜ್ಜಿದೆ. ಪೇರು ಹೂವಿನ ಕೊಂಬೆ ಮುರಿದು ಹೂಜಿಗೆ ಹಾಕಿದೆ. ದಾಲ್ಚಿನ್ನಿಯ ಬನ್ನು ಬೇಯಿಸಿದೆ. ಆ ಪರಿಮಳಕ್ಕೆ ಕಲ್ಲೂ ಕರಗಬೇಕು. ನೆಲಮಾಳಿಗೆಯ ಸುದ್ದಿ ಮಾತ್ರ ಎತ್ತಲಿಲ್ಲ.

ಆದರೆ ಪಾದ್ರಿಯ ಹೆಂಡತಿಯೇ ಎತ್ತಿದಳು. ಕೆಂಪು ಕೆನ್ನೆಯ ದುಂಡನೆಯ ಹೆಂಗಸು. "ನೆಲಮಾಳಿಗೆ ಇಲ್ವೇನಮ್ಮಾ?" ಬೇರೆ ದಾರಿಯಿಲ್ಲದೆ ದೀಪ ಹಿಡಿದೆ. ಆಕೆ ಲಂಗ ಎತ್ತಿ ಕಟ್ಟಿ ಕೆಳಗಿಳಿದೇ ಬಿಟ್ಟಳು.

"ಅಯ್ಯೋ, ಇಷ್ಟೇನಾ? ನಾನು ಸರಕಿನ ದೋಣಿ ಮೇಲೆ ಹುಟ್ಟಿ ಬೆಳೆದೋಳು. ಇದು ನೀರು ಅಂತ ಲೆಕ್ಕಕ್ಕೇ ಇಲ್ಲ. ಹಾಂ! ಕಪ್ಪೇನೂ ಇದ್ಯಾ? ನಮ್ಮ ಹುಡುಗರಿಗೆ ಇನ್ನೇನು ಬೇಕು!"

ಒಂಬತ್ತು ವರ್ಷದ ನನ್ನ ನೆಲಮಾಳಿಗೆಯ ಮರ್ಯಾದೆ ಒಂದು ನಿಮಿಷದಲ್ಲಿ ಮಣ್ಣುಪಾಲಾಯಿತು. ಮೇಲೆ ಬಂದರೆ, ಉದ್ದಕ್ಕೆ ಕೊಕ್ಕರೆಯ ಹಾಗಿದ್ದ ಪಾದ್ರಿಗಳು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಹಡಗು ನೋಡುತ್ತಿದ್ದರು. ಮಾತಿಗೆ ಮಾತೆಂದು, "ಅದು ತೀರಿಹೋದ ನಮ್ಮ ಮಾರಿನಸ್ ಕೂರ್ತಿದ್ದ ಕುರ್ಚಿ, ಗುಡಿಸಲಿನಿಂದ ತಂದದ್ದು" ಎಂದೆ. ಅವರು ಕೆಂಡ ತುಳಿದವರ ಹಾಗೆ ಎದ್ದು ನಿಂತರು.

"ಇಲ್ಲಿ ಎಷ್ಟು ವರ್ಷದಿಂದ ಇದ್ದೀರಮ್ಮ?"

"ಒಂಬತ್ತು, ಅಯ್ಯನವರೇ."

"ನಾವು ಬಂದ್ರೆ ನೀವೆಲ್ಲಿಗೆ ಹೋಗ್ತೀರಿ?"

"ನಾದಿನಿ ಮನೆಗೆ. ಬಹಳ ಚೊಕ್ಕಟವಾದ ಮನೆ, ಅಯ್ಯನವರೇ." ಇದಕ್ಕಿಂತ ಕೆಟ್ಟ ಮಾತು ಒಂದೂ ಆಡಲಿಲ್ಲ. ಆದರೆ ಕಾಫಿ ಬಗ್ಗಿಸುವಾಗ ಜಾಡಿಯ ಮುಚ್ಚಳ ತಾನೇ ತಾನಾಗಿ ಟಕಟಕ ಎಂದಿತು. ಹಾಳಾದ ಕೈ. ಅವರು ಅದನ್ನೇ ನೋಡಿದರು. ಹೊರಡುವಾಗ ಹೆಂಡತಿ ಪರದೆಗೆಷ್ಟು ಬಟ್ಟೆ ಬೇಕೆಂದು ಕಿಟಕಿಗಳನ್ನು ಮೊಳ ಹಾಕಿ ಅಳೆಯುತ್ತಿದ್ದಳು. ನಾನು ಆ ಸಂಜೆಯೇ ಟ್ರಂಕು ತುಂಬತೊಡಗಿದೆ.

ಮೂರನೆಯ ವಾರದ ಶುಕ್ರವಾರ ಕಾಗದ ಬಂತು. ಭಾವ ಬೇಲಿಗೆ ಕೋಲು ಬಡಿಯುತ್ತ ಹಿತ್ತಲ ಬಾಗಿಲಿಗೆ ಬಂದರು. ಕಾಗದವನ್ನು ಅಂಗಿಯ ಒಳಗಿಂದ ತೆಗೆದು ನನ್ನ ಕೈಗಿಟ್ಟರು.

"ಓದು. ನಾಲ್ಕು ಸಲ ಓದು. ಭಾನುವಾರದೊಳಗೆ ಬಾಯಿಪಾಠ ಆಗ್ಬೇಕು. ಬರ್ತಾರೆ ತಾನೇ?"

ನನ್ನ ಕಣ್ಣು ನಾಲಿಗೆಗಿಂತ ಮುಂದೆ ಓಡಿತು. ಪಾದ್ರಿಗಳು ಬರೆದಿದ್ದರು: 'ಮನೆ ಹಿಡಿಸಿತು, ಊರು ಹಿಡಿಸಿತು, ಬರಲು ಮನಸ್ಸೂ ಆಗಿತ್ತು. ಆದರೆ ಸೋಮವಾರ ಊಟವಾದ ಮೇಲೆ ನಮ್ಮ ಮನೆಯಲ್ಲಿ ದಿನಕ್ಕೊಂದರಂತೆ ಸಾಲಾಗಿ ಓದುವ ಬೈಬಲಿನ ಅಧ್ಯಾಯ ತೆರೆದಾಗ, ಉದ್ದುದ್ದ ಪ್ರಾರ್ಥನೆ ಮಾಡುತ್ತ ವಿಧವೆಯರ ಮನೆಗಳನ್ನು ನುಂಗುವವರ ಮಾತು ಬಂತು. ಮುಂದೆ ಓದಲು ನನ್ನಿಂದಾಗಲಿಲ್ಲ. ನಿಮ್ಮ ಪಾದ್ರಿಮನೆಯ ಆ ಬೆಚ್ಚಗಿನ ಅಡುಗೆಮನೆಯೂ, ಅಲ್ಲಿ ಒಂಬತ್ತು ವರ್ಷದಿಂದ ಬದುಕುತ್ತಿರುವ ತಾಯಿಯ ನಡುಗುವ ಕೈಯೂ ಕಣ್ಣ ಮುಂದೆ ನಿಂತವು. ಇದರ ಮೇಲೆ ಬರಲು ನನಗೆ ಒಳಗಿನಿಂದ ಧೈರ್ಯ ದೊರೆಯಲಿಲ್ಲ.'

ಅಬ್ಬಾ! ಮೂವತ್ತೊಂದು ಜನರನ್ನು ಒದ್ದೆ ನೆಲಮಾಳಿಗೆಯಿಂದ ಓಡಿಸಿದ್ದೆ. ಮೂವತ್ತೆರಡನೆಯವರನ್ನು ಬೆಚ್ಚಗಿನ ಅಡುಗೆಮನೆ ಓಡಿಸಿತು. ಮೊದಲು ನನಗೆ ಬಂದದ್ದು ಸಂತೋಷವೇ, ಅದನ್ನು ಮುಚ್ಚಿಡುವುದಿಲ್ಲ. ಕಾಲು ಕುಣಿಯಬೇಕೆಂದಿತು. ಮನೆ ಉಳಿಯಿತು, ಅದೂ ದೇವರ ವಾಕ್ಯದ ಮೊಹರು ಬಿದ್ದು ಉಳಿಯಿತು! ಆಮೇಲೆ ತಲೆಯೆತ್ತಿದರೆ ಭಾವನ ಮುಖ. ನಗುನಗುತ್ತ, ಮುಖ ಮೇಲೆ ಮಾಡಿ, ಹಬ್ಬದ ಉಡುಗೊರೆಗೆ ಕಾಯುವ ಮಗುವಿನ ಹಾಗೆ ಕೂತಿದ್ದರು.

ಆ ವಿಧವೆಯ ಮಾತನ್ನು ಓದಿದರೆ ಇಡೀ ಊರು ನನ್ನತ್ತ ತಿರುಗುತ್ತದೆ. ಓದದಿದ್ದರೆ? ಆ ಹಾಳೆ ಅವರಿಗೆ ಕಾಣುವುದಿಲ್ಲ. ಯಾರಿಗೇನು ನಷ್ಟ? ಹೇಗಿದ್ದರೂ ಪಾದ್ರಿ ಬರುವುದಿಲ್ಲ. ನಾನು ಗಂಟಲು ಸರಿಮಾಡಿಕೊಂಡು, ಮನೆ ಹಿಡಿಸಿತು, ಊರು ಹಿಡಿಸಿತು, ಧೈರ್ಯ ದೊರೆಯಲಿಲ್ಲ ಎಂದು ಓದಿದೆ. ನಡುವಿನದನ್ನು ನುಂಗಿದೆ. ನಾಲ್ಕು ಸಲವೂ ನುಂಗಿದೆ.

ಭಾವನ ನಗು ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. "ಇರಲಿ," ಎಂದರು. "ಮೂವತ್ತಮೂರನೆಯವರು ದಾರೀಲಿದ್ದಾರೆ." ಬಾಗಿಲ ಕಡೆ ಹೋಗುವಾಗ, ಎಂದೂ ಎಡವದವರು, ಕುರ್ಚಿಗೆ ಎಡವಿದರು.

ಭಾನುವಾರ ಮೇಜಿನ ಬಳಿ ನಿಂತು, ಕಾಗದವನ್ನು ಮುಖದ ಮುಂದೆ ಹಿಡಿದು, ಒಂದಕ್ಷರ ತಪ್ಪದೆ ಒಪ್ಪಿಸಿದರು. ಜನ ನಿಟ್ಟುಸಿರುಬಿಟ್ಟರು. ನಾನೂ ಬಿಟ್ಟೆ. ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಆದರೆ ನಮ್ಮಲ್ಲಿ ಓದಿದ ಕಾಗದವನ್ನು ಅಲ್ಲೇ ಎರಡನೆಯ ಹಿರಿಯನ ಕೈಗೆ ಕೊಡುವ ಪದ್ಧತಿ. ಅವನು ಅದನ್ನು ಸಭೆಯ ಪುಸ್ತಕದಲ್ಲಿ ಅಂಟಿಸಿಡುತ್ತಾನೆ. ಹಾಳಾದ್ದು, ಅದು ನನ್ನ ತಲೆಗೆ ಹೊಳೆದಿರಲಿಲ್ಲ. ವಿಲ್ಲೆಬೋರ್ದ್ ಕಾಗದ ತೆಗೆದುಕೊಂಡು, ಮಡಿಸುವ ಮುಂಚೆ ಸುಮ್ಮನೆ ಕಣ್ಣಾಡಿಸಿದ. ಕಣ್ಣು ನಡುವೆ ನಿಂತಿತು.

"ಕ್‌-ಕ್ರೈನ್," ಎಂದ. "ಒಂದಷ್ಟು ಬಿ-ಬಿಟ್ಟಿದ್ದೀರಲ್ಲ?"

"ಏನು ಬಿಟ್ಟಿದ್ದೀನಿ? ಇದ್ದದ್ದನ್ನೆಲ್ಲ ಓದಿದೆ."

"ಇಲ್ಲ. ಇಲ್ಲಿ ನಿಮ್ಮ ತ-ತಮ್ಮನ ಹೆಂಡತಿಯ ವಿಷಯ ಇದೆ. ಅದನ್ನೇ ಬಿಟ್ಟಿದ್ದೀರಿ."

ಎಪ್ಪತ್ತಾರು ವರ್ಷ ಒಂದು ಸುಳ್ಳಾಡದ ಮನುಷ್ಯ ತಮ್ಮನ ಹೆಂಡತಿಗಾಗಿ ಪಾದ್ರಿಯ ಕಾಗದವನ್ನೇ ತಿರುಚಿದ ಎಂದು ಇನ್ನೂರ ಹತ್ತು ಜನ ಒಟ್ಟಿಗೆ ಯೋಚಿಸುವುದು ನನಗೆ ಕೇಳಿಸಿತು. ಭಾವ ಬರಿಗೈಯನ್ನು ಮುಂದೆ ಚಾಚಿ, ಕಾಗದ ಎಲ್ಲಿದೆ ಎಂದು ತಡಕಾಡಿದರು. ಸಿಗಲಿಲ್ಲ.

ನಮ್ಮ ಚರ್ಚಿನಲ್ಲಿ ಹೆಂಗಸು ಹಾಡಬಹುದು, ಅಳಬಹುದು; ಬಾಯಿ ಬಿಡುವಂತಿಲ್ಲ. ನಾನು ಎದ್ದು ನಿಂತೆ.

"ಅವರು ಏನೂ ಬಿಟ್ಟಿಲ್ಲ. ಬಿಟ್ಟದ್ದು ನಾನು. ಅವರಿಗೆ ಕಣ್ಣು ಕಾಣಲ್ಲ. ಸುಗ್ಗಿಯಿಂದ ಕಾಣಲ್ಲ. ಕಾಗದ ಓದಿ ಹೇಳಿದ್ದು ನಾನು."

ಪಕ್ಕದಲ್ಲಿದ್ದ ತನ್ನೆಕೆ ನನ್ನ ಲಂಗ ಹಿಡಿದು ಎಳೆದಳು. ಕೂರಲಿಲ್ಲ. ಬಿಟ್ಟ ಮಾತನ್ನೆಲ್ಲ ಹೇಳಿದೆ: ವಿಧವೆಯ ಮನೆ, ಬೆಚ್ಚಗಿನ ಅಡುಗೆಮನೆ, ನಡುಗುವ ಕೈ. ಕಾಗದ ಬೇಕಾಗಲಿಲ್ಲ, ಎರಡು ದಿನದಲ್ಲಿ ನನಗೂ ಬಾಯಿಪಾಠವಾಗಿತ್ತು. ಶುರುಮಾಡಿದ ಮೇಲೆ ನಿಲ್ಲಿಸಲು ಬರಲಿಲ್ಲ. "ಆ ಮನೆ ನನ್ನದಲ್ಲ, ನಿಮ್ಮದು. ಒಂಬತ್ತು ವರ್ಷ ನೀವು ಅಯ್ಯನವರು ಬರಲಿ ಅಂತ ಬೇಡಿದ್ರಿ, ನಾನು ಬರಬಾರ್ದು ಅಂತ ಬೇಡಿದೆ. ಬಂದೋರಿಗೆಲ್ಲ ನೆಲಮಾಳಿಗೆ ತೋರಿಸಿ ಕಳಿಸಿದೆ." ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಯಾರದೋ ಬಾಯಿಂದ ಪೆಪ್ಪರ್‌ಮಿಂಟು ಬಿದ್ದು ಹಲಗೆಯ ಮೇಲೆ ಉರುಳಿಕೊಂಡು ಹೋಯಿತು. ಅದು ನಿಲ್ಲುವವರೆಗೂ ಎಲ್ಲರೂ ಅದನ್ನೇ ಕೇಳಿದರು.

ಭಾವ ಮೇಜನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು.

"ಇನ್ನೇನಾದ್ರೂ ಬಿಟ್ಟಿದ್ದೀಯಾ, ಯಾಕೋಮಿನ?"

"ಇಲ್ಲ, ಭಾವ."

"ಹಾಗಾದ್ರೆ ಕೂತ್ಕೋ. ಹಾಡೋಣ."

ಹಾಡಿದೆವು. ಯಾವ ಕೀರ್ತನೆಯೆಂದು ಕೇಳಬೇಡಿ, ನನಗೆ ಗೊತ್ತಿಲ್ಲ.

ಸೋಮವಾರ ಟ್ರಂಕುಗಳನ್ನು ಕೈಗಾಡಿಯಲ್ಲಿಟ್ಟುಕೊಂಡು ತನ್ನೆಕೆಯ ತೊಳೆದ ಹೊಸ್ತಿಲ ಮುಂದೆ ನಿಂತೆ. ಹೋಗೆಂದು ಯಾರೂ ಹೇಳಿರಲಿಲ್ಲ. ವಿಲ್ಲೆಬೋರ್ದ್ ಬಂದು ಇರಿ ಎಂದೇ ಹೇಳಿದ. ಸಭೆಗೆ ಈಗ ಫೆರ್‌ಹೂಕರೇ ಬೇಕಂತೆ, ಆದರೆ ಒಮ್ಮೆ ಒಲ್ಲೆ ಎಂದವರನ್ನು ವರ್ಷ ಕಳೆಯುವ ಮುಂಚೆ ಮತ್ತೆ ಕರೆಯುವಂತಿಲ್ಲ, ಅಲ್ಲಿಯವರೆಗೆ ಖಾಲಿ ಬಿದ್ದಿರುವುದು ತಾನೇ ಎಂದ. ಆದರೆ ಆ ಮನೆಯಲ್ಲಿ ಇನ್ನು ನನಗೆ ಅನ್ನ ಇಳಿಯುತ್ತಿರಲಿಲ್ಲ. ಚರ್ಚಿಗೆ ಬೀಗವೂ ಬೀಳಲಿಲ್ಲ. ವಾರವೆಲ್ಲ ನಾನು ಅಡುಗೆಮನೆಯ ಮೇಜಿಗೆ ಕೂತು ಪ್ರಸಂಗ ಓದುತ್ತೇನೆ, ಭಾವ ಉರುಹೊಡೆಯುತ್ತಾರೆ, ಭಾನುವಾರ ಒಪ್ಪಿಸುತ್ತಾರೆ. ಹದಿನಾಲ್ಕೇ ಕೇಳಿ ಅಭ್ಯಾಸವಾಗಿದ್ದ ಜನ, ಹೊಸ ಪ್ರಸಂಗಕ್ಕೆ ನಿದ್ದೆ ಹತ್ತುವುದಿಲ್ಲ ಎಂದು ಗೊಣಗುತ್ತಾರೆ. ಆದರೆ ಈ ಚಳಿಗಾಲದಲ್ಲಿ ಭಾವ ಎರಡು ಸಲ ನಡುವೆ ನಿಂತುಬಿಟ್ಟರು. ಓದಿದ್ದು ಶುಕ್ರವಾರ ಇರುತ್ತದೆ, ಭಾನುವಾರಕ್ಕೆ ಸೋರಿಹೋಗಿರುತ್ತದೆ.

ವರ್ಷ ತುಂಬಿತು. ಫೆರ್‌ಹೂಕರಿಗೇ ಮತ್ತೆ ಕರೆ ಬರೆದು ಇವತ್ತು ಬೆಳಿಗ್ಗೆ ಅಂಚೆಗೆ ಹಾಕಿದರು. ಮಧ್ಯಾಹ್ನ ಆಲೂಗಡ್ಡೆ, ಹುರುಳಿಕಾಯಿಯ ಊಟ ಮುಗಿಯಿತು. ಅಧ್ಯಾಯ ಓದಿದ್ದಾಯಿತು. ಊಟದ ಮೇಲಿನ ಪ್ರಾರ್ಥನೆ ಯಾವಾಗಲೂ ಭಾವನದು. ಇವತ್ತು ಅವರು ಕೈ ಜೋಡಿಸಿ, "ಯಾಕೋಮಿನ, ನೀನು ಬೇಡ್ಕೋ" ಎಂದರು.

"ನಾನಾ? ಬೇಡ ಭಾವ. ನನಗೆ ಏನು ಬೇಡ್ಬೇಕೋ ತಿಳೀತಿಲ್ಲ."

"ನಿನಗೆ ಬೇಕಾದ್ದನ್ನೇ ಬೇಡು. ಗಟ್ಟಿಯಾಗಿ ಬೇಡು. ಆತನಿಗೆ ಮೊದಲೇ ಗೊತ್ತು. ನಮಗೂ ಗೊತ್ತಾಗ್ಲಿ."

ತನ್ನೆಕೆ ಆಗಲೇ ಕಣ್ಣು ಮುಚ್ಚಿದ್ದಳು. ನಾನೂ ಮುಚ್ಚಿದೆ. ಇವರಿಬ್ಬರ ಮುಂದೆ ದೇವರ ಹತ್ತಿರ ಮಾತಾಡುವುದೆಂದರೆ ಬೀದಿಯಲ್ಲಿ ಸ್ನಾನ ಮಾಡಿದ ಹಾಗೆ. ಆದರೂ ಬಾಯಿ ತೆರೆದೆ.

"ಕರ್ತನೇ, ನನಗೆ ಆ ಮನೆ ಬೇಕು. ಇವತ್ತಿಗೂ ಬೇಕು. ಅಲ್ಲಿಂದ ಹಡಗು ಕಾಣ್ತಿತ್ತು. ಇಲ್ಲಿ ಏನೂ ಕಾಣಲ್ಲ, ತನ್ನೆಕೆ ಧೂಳು ಬರುತ್ತೆ ಅಂತ ಕಿಟಕೀನೇ ತೆಗೆಯೋಕೆ ಬಿಡಲ್ಲ, ನನಗೆ ಉಸಿರು ಕಟ್ಟುತ್ತೆ. ಫೆರ್‌ಹೂಕ್ ಅಯ್ಯನವರು ಬಂದ್ರೆ ಆ ಮನೆ ನನಗೆ ಹೋದ ಹಾಗೇ. ಭಾವನಿಗೆ ಓದಿ ಹೇಳೋ ಕೆಲಸಾನೂ ಹೋಗುತ್ತೆ. ಆಮೇಲೆ ನಾನು ಯಾತಕ್ಕೆ ಬೇಕು ಯಾರಿಗೆ, ಅದೂ ನನಗೆ ಭಯ. ಆದ್ರೆ ಭಾವ ದಣಿದಿದ್ದಾರೆ. ನೀನು ನೋಡ್ತಿದ್ದೀಯ. ಅವರು ನಿನ್ನ ನಂಬಿ ನಿಂತಿದ್ದಾರೆ, ಅವರನ್ನ ಎಲ್ಲರ ಮುಂದೆ ಬೀಳಿಸಬೇಡ. ಅಯ್ಯನವರನ್ನ ಕಳಿಸು. ಎರಡೂ ಕೇಳ್ತಿದ್ದೀನಿ. ಎರಡೂ ಆಗಲ್ಲ ಅಂತ ನನಗೂ ಗೊತ್ತು. ನೀನೇ ನೋಡಿ ಮಾಡು. ನಿನ್ನ ಚಿತ್ತ."

ಭಾವ ಆಮೆನ್ ಎಂದರು. ತನ್ನೆಕೆಯ ಆಮೆನ್ ಕೇಳಿಸಲಿಲ್ಲ. ಇನ್ನೇನು ಬೈಗುಳ ಶುರುವಾಗುತ್ತದೆ ಎಂದು ಹೆದರುತ್ತಲೇ ಕಣ್ಣು ತೆರೆದೆ. ಅವಳು ಕುರ್ಚಿಯಲ್ಲಿರಲಿಲ್ಲ. ಕಿಟಕಿಯ ಬಳಿ ನಿಂತು, ವರ್ಷಗಳಿಂದ ಬಣ್ಣ ಕಚ್ಚಿಕೊಂಡಿದ್ದ ಅಗುಳಿಯನ್ನು ಅಂಗೈಯಿಂದ ಗುದ್ದುತ್ತಿದ್ದಳು. ಮೂರನೆಯ ಗುದ್ದಿಗೆ ಅದು ಬಿಟ್ಟುಕೊಂಡಿತು. ತಣ್ಣನೆಯ ಉಪ್ಪುಗಾಳಿ ಒಳಗೆ ನುಗ್ಗಿ ಮೇಜಿನ ಬಟ್ಟೆಯ ಅಂಚನ್ನು ಎತ್ತಿ ಹಾಕಿತು.

"ಒಂದು ಗಂಟೆ ಮಾತ್ರ ಅತ್ತಿಗೆ," ಎಂದಳು ತನ್ನೆಕೆ, ನನ್ನ ಕಡೆ ತಿರುಗದೆ. "ಆಮೇಲೆ ಮುಚ್ತೀನಿ."